ಕೊಂಬಿನ ಹಿಡಿಯೊಳಗೆ ಕತ್ತಿಯ ಬಾಲ ಕೂರಿಸುವುದು

ಕತ್ತಿಯ ಹಿಡಿ ಸಡಿಲವಾದರೆ ಎಲ್ಲರೂ ಬೈಯುವುದು ಅಂಟನ್ನು. ಅಂಟಿನ ತಪ್ಪು ಇರುವುದು ಅಪರೂಪ. ಕೊಂಬು ಪೂರ್ತಿ ಒಣಗದೆ ಕೆಲಸಕ್ಕೆ ಇಳಿದಿರುತ್ತಾರೆ, ಇಲ್ಲವೇ ತೂತು ಬಾಲದ ಆಕಾರಕ್ಕೆ ಹೊಂದದೆ ಎರಡೇ ಕಡೆ ತಾಗಿಕೊಂಡು ನಿಂತಿರುತ್ತದೆ, ಇಲ್ಲವೇ ಹಿಡಿಯ ಬಾಯಿಯಿಂದ ನೀರು ಇಳಿದು ಒಳಗೆ ತುಕ್ಕು ಹಿಡಿದಿರುತ್ತದೆ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಈ ಮೂರನೆಯದೇ ದೊಡ್ಡ ಶತ್ರು. ಕಬ್ಬಿಣ ತುಕ್ಕಾದಾಗ ಅದಕ್ಕೆ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಹೊರಗೆ ಹೋಗಲು ದಾರಿಯಿಲ್ಲದ ತುಕ್ಕು ಹಿಡಿಯನ್ನೇ ಸೀಳುತ್ತದೆ. ಬಾಲದ ಉದ್ದಕ್ಕೆ ಸರಿಯಾಗಿ ಬಿರುಕು ಬಿಟ್ಟ ಹಳೆಯ ಹಿಡಿ ಕಂಡರೆ ಅದು ಬಿದ್ದು ಒಡೆದದ್ದಲ್ಲ, ತುಕ್ಕು ಒಳಗಿನಿಂದ ದೂಡಿ ಒಡೆದದ್ದು.

ಅಲಗಿನ ಹಿಂದೆ ಚಾಚಿಕೊಂಡು ಹಿಡಿಯೊಳಗೆ ಅಡಗುವ ಕಬ್ಬಿಣದ ಭಾಗವನ್ನು ಇಲ್ಲಿ ಬಾಲ ಎನ್ನುತ್ತೇನೆ. ಅಲಗು ಮುಗಿದು ಬಾಲ ಸಪೂರವಾಗುವ ಮೂಲೆ ಹೆಗಲು.

ಮೊದಲು ಯಾವ ಕೊಂಬು ಎನ್ನುವ ಪ್ರಶ್ನೆ. ಕತ್ತಿ ಮಾಡುವವರ ಲೋಕದಲ್ಲಿ ಕಡವೆ ಕೊಂಬಿಗೆ ಇರುವ ಹೆಸರು ಬೇರೆ ಯಾವುದಕ್ಕೂ ಇಲ್ಲ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಕತ್ತಿಗಾರರು ಬಹುಕಾಲ ಭಾರತದಿಂದ ಹೋದ ಕಡವೆ ಕೊಂಬನ್ನೇ ನೆಚ್ಚಿಕೊಂಡಿದ್ದರು. 1990ರ ದಶಕದ ಕೊನೆಗೆ ಆ ರಫ್ತು ನಿಂತಿತು. ನಮ್ಮಲ್ಲಂತೂ ಅದನ್ನು ಮುಟ್ಟುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಕೊಂಬೂ ಕಾಡುಪ್ರಾಣಿಯ ಭಾಗವೇ. ಪ್ರಾಣಿಯನ್ನು ಯಾರೂ ಕೊಂದದ್ದಲ್ಲ, ತಾನಾಗಿ ಉದುರಿಸಿದ್ದು ಎಂಬ ವಾದ ನಡೆಯುವುದಿಲ್ಲ. ರಾಣಿಪುರಂ ಕಡೆಯ ಕಾಡಿನಲ್ಲಿ ಕಾಲಿಗೆ ಎಡವಿದರೂ ಅಲ್ಲೇ ಬಿಟ್ಟು ಬರಬೇಕು. ಕೊಳ್ಳುವುದೂ ಅಪರಾಧ, ಮಾರುವುದೂ ಅಪರಾಧ. ಹಾಗಾಗಿ ಊರಲ್ಲಿ ಕೆಲಸ ಮಾಡುವವರಿಗೆ ಸಾಕಿದ ಕೋಣ, ಎಮ್ಮೆಯ ಕೊಂಬೇ ಗತಿ. ಅದೇನೂ ಕಡಿಮೆ ದರ್ಜೆಯದಲ್ಲ. ಜಿಂಕೆ ಜಾತಿಯ ಕೊಂಬಿನ ವಿವರವನ್ನೂ ಬರೆಯುತ್ತಿರುವುದು ಹಿಮಸಾರಂಗದ ಕೊಂಬು ಅಂಗಡಿಯಲ್ಲೇ ಸಿಗುವ ನಾರ್ವೆ, ಫಿನ್‌ಲೆಂಡ್ ಕಡೆ ಇರುವ ನಮ್ಮೂರಿನವರಿಗಾಗಿ.

ಇನ್ನೊಂದು ಎಚ್ಚರ. ಕಾಟಿಯ ಕೊಂಬನ್ನು, ಅಂದರೆ ಕಾಡುಕೋಣದ್ದನ್ನು, ಕೋಣದ್ದೆಂದು ಹೇಳಿ ದಾಟಿಸುವವರಿದ್ದಾರೆ. ಊರ ಕೋಣದ ಕೊಂಬು ಬುಡದಲ್ಲಿ ಚಪ್ಪಟೆ, ಮುಕ್ಕೋಣದಂತೆ, ಅಡ್ಡಡ್ಡ ಏಣು ಏಣಾಗಿ ಇರುತ್ತದೆ, ಬಣ್ಣ ಬುಡದಿಂದ ತುದಿಯವರೆಗೂ ಕಪ್ಪು ಅಥವಾ ಬೂದುಗಪ್ಪು. ಕಾಟಿಯದ್ದು ಉರುಟು, ನುಣುಪು, ಹಸಿರು ಬೆರೆತ ಹಳದಿ ಮೈಗೆ ಕಪ್ಪು ತುದಿ. ಸಂಶಯ ಬಂದರೆ ಬಿಟ್ಟುಬಿಡಿ.

ಕನ್ನಡದಲ್ಲಿ ಎರಡಕ್ಕೂ ಕೊಂಬು ಎಂದೇ ಹೆಸರಾದರೂ ವಸ್ತು ಬೇರೆ ಬೇರೆ. ಜಿಂಕೆಯ ಕೊಂಬು ಎಲುಬು. ಪ್ರತಿವರ್ಷ ಉದುರಿ ಹೊಸದಾಗಿ ಬೆಳೆಯುವಂಥದ್ದು. ಹೊರಗೆ ಗಟ್ಟಿ ಚಿಪ್ಪು, ನಡುವೆ ಸ್ಪಂಜಿನಂಥ ತಿರುಳು. ಕಡವೆಯಲ್ಲಿ ತಿರುಳು ಕಡಿಮೆ, ಚಿಪ್ಪು ದಪ್ಪ. ಅದರ ಖ್ಯಾತಿಗೆ ಕಾರಣವೇ ಇದು. ಕೋಣದ ಕೊಂಬು ನಮ್ಮ ಉಗುರಿನ ಜಾತಿ. ಬುಡದಲ್ಲಿ ಎಲುಬಿನ ಗೂಟದ ಮೇಲೆ ಟೊಪ್ಪಿಯಂತೆ ಕೂತಿರುವುದರಿಂದ ಗೂಟ ತೆಗೆದ ಮೇಲೆ ಅಷ್ಟು ಭಾಗ ಟೊಳ್ಳು. ಹಿಡಿಗೆ ಆಗುವುದು ತುದಿಯ ಕಡೆಯ ಗಟ್ಟಿ ಭಾಗ ಮಾತ್ರ. ಟೊಳ್ಳು ಎಲ್ಲಿಯವರೆಗೆ ಇದೆಯೆಂದು ಬುಡದಿಂದ ತಂತಿ ಹಾಕಿ ಅಳೆದು, ಹೊರಗೆ ಗುರುತು ಹಾಕಿ, ಅದರಿಂದ 10 ಮಿ.ಮೀ. ಮುಂದಕ್ಕೆ ಕೊಯ್ಯಿರಿ.

ಹಸಿ ಕೊಂಬಾದರೆ ಎರಡು ಮೂರು ವಾರ ನೀರಲ್ಲಿ ಹಾಕಿಟ್ಟರೆ ಒಳಗಿನ ಗೂಟ ಸಡಿಲಾಗಿ ಹೊರಬರುತ್ತದೆ. ವಾಸನೆ ವಿಪರೀತ, ತೋಟದ ಆ ಕಡೆ ತುದಿಯಲ್ಲಿ ಮಾಡುವುದು ಮನೆಯವರಿಗೂ ನೆರೆಯವರಿಗೂ ಒಳ್ಳೆಯದು. ಆಮೇಲೆ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಹೊರಪದರ ಬೇಗ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಎಷ್ಟು ದಿನ ಎಂದು ಕೇಳುವ ಬದಲು ತೂಕ ನೋಡಿ: ಹಿಡಿಯ ಉದ್ದಕ್ಕೆ ಕೊಯ್ದ ತುಂಡನ್ನು ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ಬರೆದುಕೊಳ್ಳಿ. ಸತತ ಮೂರು ವಾರ ಒಂದು ಗ್ರಾಮಿನಷ್ಟೂ ಇಳಿಯದಿದ್ದರೆ ಒಣಗಿದೆ ಎಂದು ಅರ್ಥ. ನವೆಂಬರಿನಲ್ಲಿ ಕೊಯ್ದಿಟ್ಟು ಫೆಬ್ರವರಿ, ಮಾರ್ಚಿನಲ್ಲಿ ಕೆಲಸಕ್ಕೆ ತೆಗೆಯುವುದು ನಮ್ಮ ಹವೆಗೆ ಸರಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ, ಆಗಸ್ಟಿನ ಮಳೆಯಲ್ಲಿ, ಕೂರಿಸಿದ ಹಿಡಿ ಬೇಸಗೆಯಲ್ಲಿ ಕುಗ್ಗುತ್ತದೆ, ಆದರೆ ಒಳಗಿನ ಕಬ್ಬಿಣ ಕುಗ್ಗುವುದಿಲ್ಲ. ಮುಂದಿನದ್ದು ಹೇಳಬೇಕಾಗಿಲ್ಲ.

ಇನ್ನು ಬಾಲ. ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಬಡಿದ 130–150 ಮಿ.ಮೀ. ಅಲಗಿನ ಪೀಶಕತ್ತಿಗೆ (ಸಣ್ಣ ಚೂರಿಗೆ) 115 ಮಿ.ಮೀ. ಹಿಡಿ ಅಂದುಕೊಳ್ಳಿ. ಬಾಲ ಹೆಗಲಿನ ಹತ್ತಿರ 10 ಮಿ.ಮೀ. ಅಗಲ, 4 ಮಿ.ಮೀ. ದಪ್ಪ, ತುದಿಗೆ ಬರುವಾಗ 5 ಮತ್ತು 3, ಉದ್ದ 85–90 ಮಿ.ಮೀ. ಹಿಡಿಯ ಮೂರನೇ ಎರಡಂಶಕ್ಕಿಂತ ಗಿಡ್ಡ ಬಾಲ ಬೇಡ. ತೆಂಗಿನ ಮಡಲು ಕಡಿಯುವಂಥ ಭಾರದ ಕತ್ತಿಗೆ ಈ ಅಡಗಿದ ಬಾಲವೇ ಬೇಡ. ಬಾಲವನ್ನು ಹಿಡಿಯ ಆ ಕಡೆಯಿಂದ ಹೊರತಂದು ಹಿತ್ತಾಳೆ ಬಿಲ್ಲೆ ಹಾಕಿ ತುದಿ ಬಡಿದು ಮಡಚುವುದೇ ಸರಿ.

ಅಲಗು ಮುರಿಯುವ ಜಾಗ ಹೆಗಲು. ಬಾಲ ಹೆಗಲಿಗೆ ಕೂಡುವಲ್ಲಿ ಚೂಪಾದ ಒಳಮೂಲೆ ಇದ್ದರೆ ಎಳೆತವೆಲ್ಲ ಅಲ್ಲೇ ಸೇರಿ ಒಂದು ದಿನ ಟಕ್ಕೆಂದು ಹೋಗುತ್ತದೆ. ಆ ಮೂಲೆಯನ್ನು ಇಲಿಬಾಲದ ಅರದಿಂದ (ಸಪೂರ ಉರುಟು ಅರ) 1.5–2 ಮಿ.ಮೀ. ದುಂಡು ಮಾಡಿ. ಹಾಗೆ ದುಂಡು ಮಾಡಿದ ಭಾಗ ಒಳಗೆ ಕೂರಲು ಹಿಡಿಯ ಬಾಯನ್ನೂ ಅಷ್ಟೇ ಕೆತ್ತಬೇಕು ಎನ್ನುವುದು ಹಲವರಿಗೆ ಮರೆಯುತ್ತದೆ. ಮರೆತರೆ ಹೆಗಲು ಬಾಯಿಗೆ ತಾಗದೆ ಕೂದಲೆಳೆಯ ಸಂದು ಉಳಿಯುತ್ತದೆ, ನೀರು ಹೋಗುವುದು ಅಲ್ಲೇ. ಅಲಗಿಗೆ ನೀರು ಕೊಟ್ಟು ಹದ ಮಾಡುವಾಗ ಬಾಲವನ್ನು ಮೆತ್ತಗೇ ಬಿಡಿ. ಅದು ಗಡುಸಾದರೆ ಮೊಳೆಯ ತೂತು ಕೊರೆಯಲೂ ಆಗುವುದಿಲ್ಲ, ಬೇಕಾದಲ್ಲಿ ಸ್ವಲ್ಪ ಬಗ್ಗಿಸಲೂ ಆಗುವುದಿಲ್ಲ. ಬಾಲದ ಎರಡೂ ಅಂಚಿಗೆ ಅರದಿಂದ ಒಂದು ಮಿ.ಮೀ. ಆಳದ ನಾಲ್ಕೈದು ಕಚ್ಚು ಹಾಕಿ. ಅಂಟು ಅದರಲ್ಲಿ ಕಚ್ಚಿಕೊಳ್ಳುತ್ತದೆ. ಒಂದು ಬದಿಯಲ್ಲಿ ಉದ್ದಕ್ಕೊಂದು ಸಪೂರ ಗೀರು ಇರಲಿ, ಅದರ ಉಪಯೋಗ ಮುಂದೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ತೂತು. ಕೊಂಬು ಬಾಗಿರುತ್ತದೆ, ಬಿಟ್ ನೇರ ಹೋಗುತ್ತದೆ. ಕೊಂಬಿನ ಹೊರಗೆ ಎರಡು ಬದಿಯಿಂದಲೂ ಉಕ್ಕಿನ ಸ್ಕೇಲ್ ಇಟ್ಟು, ಬಾಯಿಯ ನಡುವಿನಿಂದ ಹೊರಟ ನೇರ ಗೆರೆ ಎಲ್ಲಿಯವರೆಗೆ ಹೋದರೆ ಸುತ್ತಲೂ 5 ಮಿ.ಮೀ. ಗೋಡೆ ಉಳಿಯುತ್ತದೆ ನೋಡಿ. ಬಾಲ ಅಲ್ಲಿಗೇ ನಿಲ್ಲಬೇಕು. ಸಾಲದಿದ್ದರೆ ಬೇರೆ ಕೊಂಬು ಹುಡುಕಿ. ಗೋಡೆ ಸಪೂರ ಮಾಡಿ ಸುಧಾರಿಸುವ ಆಸೆ ಬೇಡ. ಬಾಗು ಯಾವ ಕಡೆಗೆ ಎಂಬುದನ್ನೂ ಈಗಲೇ ತೀರ್ಮಾನಿಸಿ. ಹಿಡಿಯ ಹಿಂತುದಿ ಅಲಗಿನ ಹರಿತ ಅಂಚಿನ ಕಡೆಗೆ ಇಳಿದಿದ್ದರೆ ಕಿರುಬೆರಳು ಅದಕ್ಕೆ ತಡೆದು ಕತ್ತಿ ಕೈಯಿಂದ ಜಾರುವುದಿಲ್ಲ. ತಿರುಗಾಮುರುಗಾ ಆದರೆ ನೋಡಲು ಚಂದ, ಹಿಡಿಯಲು ಕಷ್ಟ.

ಬಾಯಿಯ ಮುಖವನ್ನು ಬಾಲದ ಗೆರೆಗೆ ಮೂಲೆಮಟ್ಟವಾಗಿ ಉಜ್ಜಬೇಕು, ಕೊಂಬಿನ ಮೈಗಲ್ಲ. ಬಾಗಿದ ವಸ್ತುವಿನಲ್ಲಿ ಎರಡೂ ಬೇರೆ. ಅಲಗು ಹಿಡಿಯಿಂದ ಓರೆಯಾಗಿ ಹೊರಟಂತೆ ಕಾಣುವ ಕತ್ತಿಗಳಲ್ಲೆಲ್ಲ ತಪ್ಪಿದ್ದು ಇಲ್ಲೇ.

ಕೊರೆಯುವ ಕ್ರಮ ಹೀಗೆ. ನಡುಗೆರೆಯ ಆಚೆ ಈಚೆ 3 ಮಿ.ಮೀ. ದೂರಕ್ಕೆ ಒಂದೊಂದು, 4 ಮಿ.ಮೀ. ಬಿಟ್‌ನಲ್ಲಿ ಎರಡು ತೂತು, 40 ಮಿ.ಮೀ. ಆಳ. ಆಮೇಲೆ ನಡುವಿಗೆ 6 ಮಿ.ಮೀ. ಬಿಟ್, ಪೂರ್ತಿ 90 ಮಿ.ಮೀ. ಆಳ. ದೊಡ್ಡದನ್ನು ಮೊದಲು ಕೊರೆದರೆ ಸಣ್ಣ ಬಿಟ್ ಜಾರಿ ಅದರೊಳಗೇ ಬೀಳುತ್ತದೆ, ತೂತು ವಕ್ರವಾಗುತ್ತದೆ. ಅಂಗಡಿಯ ಸಾಮಾನ್ಯ 6 ಮಿ.ಮೀ. ಬಿಟ್‌ನ ಇಡೀ ಉದ್ದವೇ 93 ಮಿ.ಮೀ., ಪುಡಿ ಎತ್ತುವ ತಿರುವು 57 ಮಾತ್ರ. ಹಾಗಾಗಿ ಉದ್ದದ ಬಿಟ್ ಎಂದೇ ಕೇಳಿ ತರಬೇಕು. ಆಳ ತಪ್ಪದಂತೆ ಬಿಟ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ. ಕೋಣದ ಕೊಂಬು ಬಿಸಿಗೆ ಮೆತ್ತಗಾಗುವ ವಸ್ತು. ಜೋರಾಗಿ ತಿರುಗಿಸಿದರೆ ಪುಡಿ ಕರಗಿದಂತಾಗಿ ಬಿಟ್‌ಗೆ ಸುತ್ತಿಕೊಂಡು ಹಿಡಿದುಬಿಡುತ್ತದೆ, ಕೈಯಲ್ಲಿ ಹಿಡಿದ ಕೊಂಬು ಗಿರ್ರೆಂದು ತಿರುಗಿ ಬೆರಳಿಗೆ ಏಟು ಬೀಳುತ್ತದೆ. ವೈಸಿನಲ್ಲಿ ಎರಡು ಮರದ ತುಂಡುಗಳ ನಡುವೆ ಕಚ್ಚಿಸಿ, ನಿಧಾನ ವೇಗದಲ್ಲಿ, 5 ಮಿ.ಮೀ. ಕೊರೆದೊಮ್ಮೆ ಬಿಟ್ ಹೊರತೆಗೆದು ಪುಡಿ ಕೊಡವಿ. ಜಿಂಕೆ ಜಾತಿಯ ಕೊಂಬಿನಲ್ಲಿ ತೊಂದರೆ ಬೇರೆ: ಚಿಪ್ಪಿಗಿಂತ ತಿರುಳು ಮೆತ್ತಗಿರುವುದರಿಂದ ಬಿಟ್ ತಾನಾಗಿ ತಿರುಳಿನ ದಾರಿ ಹಿಡಿಯುತ್ತದೆ. ತಿರುಳು ನಡುವಿನಲ್ಲಿಯೇ ಇದೆ ಎಂಬ ನಂಬಿಕೆಯಿಲ್ಲ. ಎರಡರ ಪುಡಿಯೂ ಶ್ವಾಸಕೋಶಕ್ಕೆ ಕೆಟ್ಟದ್ದು. ಕೊರೋನ ಕಾಲದ ಬಟ್ಟೆಯ ಮಾಸ್ಕ್ ಸಾಲದು, ಎನ್ 95 ಹಾಕಿಕೊಳ್ಳಿ.

ತೂತುಗಳ ನಡುವೆ ಉಳಿದ ಮೂಲೆಗಳನ್ನು ತೆಗೆಯಲು ಹಳೆಯ ಹ್ಯಾಕ್ಸಾ ಬ್ಲೇಡು ಸಾಕು. ತೂತಿನೊಳಗೆ ಹೋಗುವಷ್ಟು ಸಪೂರಕ್ಕೆ ಉಜ್ಜಿ, ಹಲ್ಲು ನಿಮ್ಮ ಕಡೆಗೆ ಇರುವಂತೆ ಬಟ್ಟೆ ಸುತ್ತಿ ಹಿಡಿದು ಎಳೆದೆಳೆದು ಕೆರೆಯಿರಿ. ಈಗ ದೀಪದ ಮಸಿ. ಎಣ್ಣೆದೀಪದ ಮೇಲೆ ಬಾಲ ಹಿಡಿದರೆ ತೆಳುವಾಗಿ ಮಸಿ ಕೂರುತ್ತದೆ. ಅದನ್ನು ತೂತಿಗೆ ಇಳಿಸಿ, ತಿರುಚದೆ ನೇರ ಹೊರತೆಗೆದು, ಮಸಿ ಎಲ್ಲಿ ಅಳಿಸಿದೆ ನೋಡಿ. ಒಳಗೆ ಕೆರೆಯಬೇಕಾದ ಜಾಗ ಅದೇ. ಕಪ್ಪು ಕೊಂಬಿನ ಒಳಗೆ ಹತ್ತಿದ ಮಸಿ ಕಾಣದು, ಅಲ್ಲಿ ಮಸಿಯ ಬದಲು ಬಾಲಕ್ಕೆ ಸುಣ್ಣದ ನೀರು ಬಳಿದು ಒಣಗಿಸಿ ನೋಡಬೇಕು. ಎಂಟು ಹತ್ತು ಸಲ ಆಗಬಹುದು. ಕೈಯಿಂದ ಒತ್ತಿದಾಗ ಕೊನೆಯ 2 ಮಿ.ಮೀ. ಮಾತ್ರ ಬಿಗಿಯಾಗಿ ಹೋಗಿ ಹೆಗಲು ಬಾಯಿಗೆ ಸುತ್ತಲೂ ಕೂರಬೇಕು. ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ಕಾಣಬಾರದು. ಸುತ್ತಿಗೆಯಿಂದ ಬಡಿದು ಕೂರಿಸಬೇಡಿ. ಬಡಿದಾಗ ಒಡೆಯದಿದ್ದರೂ ಒಳಗೆ ಎಳೆತ ಉಳಿದು ಮಳೆಗಾಲ ಬೇಸಗೆ ಕಳೆಯುವಷ್ಟರಲ್ಲಿ ಬಿರುಕಾಗಿ ಹೊರಬರುತ್ತದೆ.

ಉತ್ತರ ಯುರೋಪಿನಲ್ಲಿ ಕೊರೆಯದೆಯೂ ಕೂರಿಸುವ ರೂಢಿಯಿದೆ. ಹಿಮಸಾರಂಗದ ಕೊಂಬನ್ನು ಅರ್ಧ ಗಂಟೆ ಕುದಿಸಿದರೆ ತಿರುಳು ಮೆತ್ತಗಾಗುತ್ತದೆ, ಬಾಲವನ್ನು ನೇರವಾಗಿ ಅದರೊಳಗೆ ಒತ್ತುತ್ತಾರೆ, ಒಣಗುವಾಗ ಬಿಗಿಯುತ್ತದೆ. ಒಣ ಚಳಿಯ ದೇಶಕ್ಕೆ ಅದು ಹೊಂದಬಹುದು. ನೆನೆದ ಎಲುಬಿನೊಳಗೆ ಬರಿ ಕಬ್ಬಿಣ ಇಡುವುದು ನಮ್ಮ ಹವೆಯಲ್ಲಿ ತುಕ್ಕನ್ನು ಕರೆದು ಮಣೆ ಹಾಕಿದಂತೆ. ಹೆಚ್ಚು ಹೊತ್ತು ಕುದಿಸಿದರೆ ಅದರ ಅಂಟಂಶವೇ ನೀರಿಗೆ ಬಿಟ್ಟು ಕೊಂಬು ಸುಣ್ಣದಂತೆ ಪುಡಿಯಾಗುತ್ತದೆ. ಕೊರೆದು ಕೂರಿಸುವವರೂ ಬಾಯಿಯ ಸುತ್ತ ಕಾಣುವ ತಿರುಳಿಗೆ ನೀರಿನಂಥ ತೆಳು ಸೂಪರ್ ಗ್ಲೂ ಎರಡು ಮೂರು ಸಲ ಕುಡಿಸಿದರೆ ಅದು ಗಟ್ಟಿಯಾಗುತ್ತದೆ, ನೀರನ್ನೂ ಹೀರುವುದಿಲ್ಲ.

ಬಾಯಿಗೆ ಹಿತ್ತಾಳೆಯ ಅಣಸು, ಅಂದರೆ ಬಿಗಿಯಾದ ಬಳೆ, ಹಾಕಿದರೆ ಸೀಳುವ ಭಯ ಅರ್ಧ ಕಡಿಮೆ. ಒನಕೆಯ ತುದಿಗೆ ಹಾಕುತ್ತಿದ್ದಂಥದ್ದೇ, ಸಣ್ಣದು. ಒಂದು ಮಿ.ಮೀ. ದಪ್ಪದ ಹಿತ್ತಾಳೆ ಪೈಪಿನಿಂದ 12 ಮಿ.ಮೀ. ತುಂಡು ಕೊಯ್ದು, ಕೊಂಬಿನ ಬಾಯನ್ನು ಅಷ್ಟೇ ಅಗಲಕ್ಕೆ ಒಂದು ಮಿ.ಮೀ. ಕೆಳಗಿಳಿಸಿ ತೂರಿಸುವುದು. ಕೊಂಬಿನ ಬಾಯಿ ಪೂರ್ತಿ ಉರುಟಾಗಿರುವುದಿಲ್ಲ, ಪೈಪನ್ನು ಮರದ ಅಚ್ಚಿನ ಮೇಲೆ ಮೆಲ್ಲಗೆ ತಟ್ಟಿ ಅಂಡಾಕಾರಕ್ಕೆ ತನ್ನಿ. ಅಲಗಿಗೂ ಅಣಸಿಗೂ ನಡುವೆ 2–3 ಮಿ.ಮೀ. ದಪ್ಪದ ಗೆರಟೆಯ (ತೆಂಗಿನ ಚಿಪ್ಪಿನ) ಬಿಲ್ಲೆ ಇಟ್ಟರೆ ನೋಡಲೂ ಚಂದ, ಮುಖದಲ್ಲಿನ ಸಣ್ಣ ತಪ್ಪೂ ಮುಚ್ಚಿಹೋಗುತ್ತದೆ. ಗೆರಟೆ ಬಾಗಿರುವುದರಿಂದ ಎರಡೂ ಮುಖ ಉಜ್ಜಿ ಚಪ್ಪಟೆ ಮಾಡಬೇಕು. ದಪ್ಪ ಗೆರಟೆಯನ್ನೇ ಆರಿಸಿ.

ಮೊಳೆ ಹಾಕುವವರು ಬಾಯಿಯಿಂದ 22–25 ಮಿ.ಮೀ. ಒಳಗೆ 3 ಮಿ.ಮೀ. ಹಿತ್ತಾಳೆ ಸರಳು ಹಾಕಿ. ಅಂಟು ಹಾಕುವ ಮೊದಲೇ ಬಾಲ ಕೂರಿಸಿಟ್ಟು ಹಿಡಿಯ ಒಂದು ಬದಿಯಿಂದ ಕೊರೆದು, ಬಾಲದ ಮೇಲೆ ಗುರುತು ಬಿದ್ದೊಡನೆ ನಿಲ್ಲಿಸಿ, ಹೊರತೆಗೆದು ಬಾಲಕ್ಕೆ 3.3 ಮಿ.ಮೀ. ತೂತು ಹಾಕಿ, ಮತ್ತೆ ಕೂರಿಸಿ ಆ ಕಡೆಗೂ ತೂರಿಸಿ. ಬಾಲದ ತೂತು ಒಂದಿಷ್ಟು ದೊಡ್ಡದಿರಲಿ. ಬಿಗಿಯಾಗಿದ್ದರೆ ಏಟಿನ ಭಾರವೆಲ್ಲ ಮೊಳೆಯ ಮೂಲಕ ಕೊಂಬಿಗೆ ಹೋಗುತ್ತದೆ. ಮೊಳೆಯ ತಲೆಯನ್ನು ಮರಕ್ಕೆ ಬಡಿದಂತೆ ಬಡಿಯಬೇಡಿ; ಅಂಟಿನಲ್ಲೇ ನಿಲ್ಲಿಸಿ, ತುದಿ ಸಮ ಉಜ್ಜಿ.

ಅಂಟಿಗೆ ಎರಡು ದಾರಿ. ಕುಲುಮೆಯ ಆಚಾರಿಗಳದ್ದು ಅರಗು. ಎರಡು ಪಾಲು ಅರಗಿಗೆ ಒಂದು ಪಾಲು ವಸ್ತ್ರಗಾಳಿತ ಮಾಡಿದ ಇಟ್ಟಿಗೆ ಪುಡಿ. ಒಡೆದ ಮಂಗಳೂರು ಹಂಚಿನ ಪುಡಿ ಇನ್ನೂ ನುಣ್ಣಗೆ ಬರುತ್ತದೆ. ಪುಡಿ ಇಲ್ಲದ ಬರಿ ಅರಗು ತಣಿಯುವಾಗ ಕುಗ್ಗುತ್ತದೆ, ಏಟಿಗೆ ಗಾಜಿನಂತೆ ಚೂರಾಗುತ್ತದೆ. ಮಿಶ್ರಣವನ್ನು ಪುಡಿಯಾಗಿಯೇ ತೂತಿಗೆ ತುಂಬಿ, ಅಲಗಿಗೆ ಒದ್ದೆ ಬಟ್ಟೆ ಬಿಗಿಯಾಗಿ ಸುತ್ತಿ, ಬಾಲ ಕಾಯಿಸಿ ಇಳಿಸುವುದು. ಕೆಂಪಗೆ ಕಾಯಿಸುವುದು ಮರದ ಹಿಡಿಯವರ ಅಭ್ಯಾಸ, ಕೊಂಬಿಗೆ ಅದು ಆಗದು. ಗೋಡೆ ಕರಟಿ ಒಳಗೆ ಕರಿಪುಡಿಯ ಪದರವಾದರೆ ಅಂಟು ಹಿಡಿಯುವುದು ಆ ಪುಡಿಯನ್ನು, ಕೊಂಬನ್ನಲ್ಲ. ಬಾಲಕ್ಕೆ ಮುಟ್ಟಿಸಿದ ಅರಗಿನ ತುಂಡು ತಕ್ಷಣ ಕರಗಬೇಕು, ಹೊಗೆ ಏಳಬಾರದು, ಅಷ್ಟೇ ಬಿಸಿ. ಒಂದೇ ಸಲಕ್ಕೆ ಇಳಿಯದಿದ್ದರೆ ತೆಗೆದು ಮತ್ತೆ ಕಾಯಿಸಿ. ಆದರೆ ಇದನ್ನು ಮತ್ತೆ ಮತ್ತೆ ಮಾಡುತ್ತಾ ಹೋದರೆ ಅರಗು ಬೆಂದು, ಇನ್ನು ಕರಗದ ರಬ್ಬರಿನಂತಾಗುತ್ತದೆ.

ಅರಗಿನ ದೊಡ್ಡ ಗುಣ ಬೇಕೆಂದಾಗ ಬಿಚ್ಚಬಹುದು ಎನ್ನುವುದು. ದೋಷವೂ ಅದೇ. 70 ಡಿಗ್ರಿ ಸುಮಾರಿಗೆ ಮೆತ್ತಗಾಗುವುದರಿಂದ ಒಲೆಯ ಪಕ್ಕದ ಗೋಡೆಗೆ ಸಿಕ್ಕಿಸಿಡುವ ಕತ್ತಿಗೆ, ಬಿಸಿನೀರಲ್ಲಿ ತೊಳೆಯುವ ಅಡುಗೆಮನೆಯ ಕತ್ತಿಗೆ ಅದು ಹೊಂದುವುದಿಲ್ಲ.

ಅಂಥಲ್ಲಿಗೆ ಎಪಾಕ್ಸಿ. ಅರಾಲ್ಡೈಟ್ ಜಾತಿಯ ಎರಡು ಟ್ಯೂಬಿನದ್ದು, ನಿಧಾನ ಗಟ್ಟಿಯಾಗುವುದನ್ನೇ ತನ್ನಿ. ಐದು ನಿಮಿಷದ್ದು ನೀರಿನ ಪಸೆಗೆ ತಾಳುವುದು ಕಡಿಮೆ, ತೂತಿನ ತಳ ಮುಟ್ಟುವ ಮೊದಲೇ ದಪ್ಪವಾಗಿಬಿಡುತ್ತದೆ. ಮೇಲಿನ ಅಳತೆಯ ತೂತಿನಲ್ಲಿ ಬಾಲ ಬಿಟ್ಟು ಉಳಿಯುವ ಜಾಗ ಒಂದು ಮಿ.ಲೀ. ಆಸುಪಾಸು. ಆದರೂ ಮೂರು ನಾಲ್ಕು ಮಿ.ಲೀ. ಕಲಸಿ, ತೀರಾ ಕಡಿಮೆ ತೆಗೆದರೆ ಎರಡರ ಪ್ರಮಾಣ ತಪ್ಪಿ ಅಂಟು ಎಂದೆಂದಿಗೂ ಜಿಗುಟಾಗಿಯೇ ಉಳಿಯುತ್ತದೆ. ಬಾಲವನ್ನೂ ತೂತನ್ನೂ ಥಿನ್ನರ್‌ನಿಂದ ಒರೆಸಿ ಒಣಗಿಸಿ. ಮಸಿ, ಸುಣ್ಣ, ಎಣ್ಣೆ ಒಂದೂ ಉಳಿಯಬಾರದು. ಬಿದಿರಿನ ಕಡ್ಡಿಯಿಂದ ಅಂಟನ್ನು ಮೊದಲು ತೂತಿನ ತಳಕ್ಕೆ ಮುಟ್ಟಿಸಬೇಕು. ಬಾಯಿಗೆ ಸುರಿದು ಬಾಲ ತುರುಕಿದರೆ ಕೆಳಗೆ ಗಾಳಿ ಸಿಕ್ಕಿಕೊಂಡು ಅಂಟನ್ನೇ ಹೊರದೂಡುತ್ತದೆ. ಆ ಗಾಳಿ ಹೊರಬರಲೆಂದೇ ಬಾಲಕ್ಕೆ ಉದ್ದಗೀರು ಹಾಕಿದ್ದು. ಬಾಲವನ್ನು ಮೇಲೆ ಕೆಳಗೆ ನಾಲ್ಕೈದು ಸಲ ಆಡಿಸಿ ಇಳಿಸಿ, ಬಾಯಿಯ ಸುತ್ತ ಅಂಟು ಉಕ್ಕಿದ್ದು ನೋಡಿ ಮೊಳೆ ತೂರಿಸಿ. ಉಕ್ಕಿ ಬರದಿದ್ದರೆ ಅಂಟು ಸಾಲಲಿಲ್ಲ ಎಂದೇ ತಿಳಿದು ಆಗಲೇ ಹೊರತೆಗೆಯಿರಿ. ಅಲಗಿಗೆ ಮೊದಲೇ ಮೇಣ ಸವರಿದ್ದರೆ ಅಂಟಿದ ಕಲೆ ಸುಲಭಕ್ಕೆ ಹೋಗುತ್ತದೆ. ಅಲಗು ಮೇಲೆ ಮಾಡಿ ನೇರ ನಿಲ್ಲಿಸಿ, 24 ಗಂಟೆ ಮುಟ್ಟಬೇಡಿ.

ಹೊರಗಿನ ನಯಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ: ಕೋಣದ ಕೊಂಬಿಗೆ 120, 240, 400, 800 ನಂಬರಿನ ಉಪ್ಪುಕಾಗದ, ಕೊನೆಯ ಎರಡು ನೀರು ಹಾಕಿ, ಆಮೇಲೆ ಬಟ್ಟೆಗೆ ಬೂದಿ ಹಚ್ಚಿ ತಿಕ್ಕುವುದು. ಜಿಂಕೆ ಜಾತಿಯದ್ದರ ಹೊರಮೈಯ ಗೀರುಗಳೇ ಅದರ ಚಂದ, ಅದನ್ನು ಉಜ್ಜಿ ಹಾಳು ಮಾಡಬೇಡಿ.

ಮಳೆಗಾಲಕ್ಕೆ ಮೊದಲು ಅಣಸಿನ ಸಂದಿಗೆ ಬಿಸಿ ಜೇನುಮೇಣ ತುಂಬಿಸಿ. ಕೋಣದ ಕೊಂಬಿಗೆ ತೆಳುವಾಗಿ ಎಣ್ಣೆ ಸವರುವುದು ಒಳ್ಳೆಯದು. ಒಣಗಿ ಪದರ ಬಿಡುವುದು ತಪ್ಪುತ್ತದೆ. ಕೊಂಬು ತಿನ್ನುವ ಹುಳಗಳಿವೆ. ಕಪಾಟಿನ ಕತ್ತಲಲ್ಲಿ ವರ್ಷಗಟ್ಟಲೆ ಬಿದ್ದಿರುವ ಕತ್ತಿಯ ಹಿಡಿಯಲ್ಲಿ ಚುಕ್ಕಿ ಚುಕ್ಕಿ ಗುಳಿ ಕಂಡರೆ ಅವುಗಳದ್ದೇ ಕೆಲಸ. ಆಗಾಗ ಬಳಸುವ ಕತ್ತಿಗೆ ಅವು ಸಾಮಾನ್ಯವಾಗಿ ಬರುವುದಿಲ್ಲ.

ಹಳೆಯ ಹಿಡಿ ಬಿಚ್ಚಬೇಕಾದರೆ ಮೊಳೆ ಇದ್ದಲ್ಲಿ ಅದನ್ನು ಮೊದಲು ಕೊರೆದು ತೆಗೆಯಿರಿ. ಅರಗಿನದ್ದಾದರೆ ಹಿಡಿಯನ್ನಷ್ಟೇ ಕುದಿಯುವ ನೀರಲ್ಲಿ ಹತ್ತು ನಿಮಿಷ ಇಟ್ಟು, ಅಲಗನ್ನು ವೈಸಿನಲ್ಲಿ ಕಚ್ಚಿಸಿ ನೇರ ಎಳೆದರೆ ಬರುತ್ತದೆ. ಎಪಾಕ್ಸಿಗೆ ಇಪ್ಪತ್ತು ನಿಮಿಷ ಬೇಕು, ಎಳೆಯುವ ಬಲವೂ ಹೆಚ್ಚು. ಬಿಚ್ಚಿದ ಹಿಡಿಯನ್ನು ಮತ್ತೆ ತೂಕ ನೋಡಿಯೇ ಒಣಗಿಸಿ. ಅರಗಿದ್ದ ತೂತಿಗೆ ಎಪಾಕ್ಸಿ ಹಾಕುವ ಯೋಚನೆ ಇದ್ದರೆ ಒಳಗೆ ಪಾಲಿಶಿನವರ ಸ್ಪಿರಿಟ್ ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ತಂತಿಗೆ ಬಟ್ಟೆ ಸುತ್ತಿ ಒರೆಸಿ ತೆಗೆಯಿರಿ. ಬಟ್ಟೆಯಲ್ಲಿ ಕಂದು ಬಣ್ಣ ಬರುವುದು ನಿಲ್ಲುವವರೆಗೆ. ಉಳಿದ ಅರಗಿನ ಪದರದ ಮೇಲೆ ಎಪಾಕ್ಸಿ ಹಾಕಿದರೆ ಅದು ಹಿಡಿಯುವುದು ಅರಗನ್ನು ಮಾತ್ರ, ಮೊದಲ ಬಿಸಿಗೇ ಎರಡೂ ಒಟ್ಟಿಗೆ ಕಳಚಿ ಬರುತ್ತವೆ.